ಗ್ರೂಪಿನಲ್ಲಿ ಇದ್ದಾರೆ, ಮಾತಾಡುವುದಿಲ್ಲ

ಕಾಸರಗೋಡಿನ ಯಾವುದಾದರೂ ಚರ್ಚಿನ ವಾಟ್ಸಾಪ್ ಗ್ರೂಪ್ ತೆರೆದು ನೋಡಿ. ಬೆಳಿಗ್ಗೆ ಆರು ಗಂಟೆಗೆ ಮೊದಲೇ ಸೂರ್ಯೋದಯದ ಚಿತ್ರ ಬಂದಿರುತ್ತದೆ. ಅದರ ಮೇಲೆ ಬೈಬಲಿನ ಒಂದು ವಾಕ್ಯ. ಕೆಳಗೆ ಕೈಮುಗಿದ ಇಮೋಜಿಗಳ ಸಾಲು. ಆಮೇಲೆ ಪೂಜೆಯ ಸಮಯ, ಯಾರದೋ ಮರಣದ ಸುದ್ದಿ, ರಕ್ತ ಬೇಕು ಎಂಬ ಮನವಿ, ನಡುವೆ ಅಡಿಕೆ ಧಾರಣೆ. ಧಾರಣೆ ಇಲ್ಲಿಗೆ ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ, ಎಲ್ಲರೂ ಓದುತ್ತಾರೆ. ಉತ್ತರ ಹಾಕುವವರು ಹೆಚ್ಚುಕಡಿಮೆ ನಲವತ್ತು ದಾಟಿದವರೇ. ಹದಿನಾರರಿಂದ ಇಪ್ಪತ್ತೈದರ ಒಳಗಿನವರೂ ಪಟ್ಟಿಯಲ್ಲಿ ಇರುತ್ತಾರೆ. ಸುಮ್ನೆ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಗ್ರೂಪನ್ನು ಮ್ಯೂಟ್ ಮಾಡಿ ಎಷ್ಟೋ ಕಾಲವಾಗಿದೆ.

ಹಾಗಂತ ಅವರ ಫೋನಿಗೆ ಧರ್ಮದ ವಿಷಯ ಬರುವುದೇ ಇಲ್ಲ ಅಂದುಕೊಳ್ಳಬೇಡಿ. ನಮಗಿಂತ ಜಾಸ್ತಿಯೇ ಬರುತ್ತದೆ. ಇನ್‌ಸ್ಟಾಗ್ರಾಂ ತೆರೆದರೆ ಮಲಯಾಳಂ ಧ್ಯಾನ ಕೇಂದ್ರದ ಪ್ರವಚನ. ಅದನ್ನು ಸರಿಸಿದರೆ ಗಿಟಾರ್ ಹಿಡಿದ ಇಂಗ್ಲಿಷ್ ಆರಾಧನೆಯ ತಂಡ. ಮತ್ತೊಮ್ಮೆ ಸರಿಸಿದರೆ ನಾಸ್ತಿಕರನ್ನು ಒಂದೇ ನಿಮಿಷದಲ್ಲಿ ಸೋಲಿಸುವ ಅಮೆರಿಕದ ಯುವಕ. ಅವನ ಹಿಂದೆಯೇ ಲೋಕದ ಅಂತ್ಯ ಹತ್ತಿರ ಬಂತು ಅನ್ನುವ ಪಾಸ್ಟರ್. ಇವರಲ್ಲಿ ಒಬ್ಬರಿಗೂ ಬೇಳ ಎಲ್ಲಿದೆ, ಕಯ್ಯಾರು ಎಲ್ಲಿದೆ ಅಂತ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಅವರಿಗಿಲ್ಲ.

ಮೊಬೈಲಿನ ಮೂಲಕ ಯುವಜನರಿಗೆ ಕ್ರೈಸ್ತ ನಂಬಿಕೆ ತಲುಪಿಸುವುದು ಹೇಗೆ ಎಂಬ ಚರ್ಚೆ ನಮ್ಮ ಕಡೆ ಆಗಾಗ ನಡೆಯುತ್ತದೆ. ಹೆಚ್ಚಾಗಿ ಅದು ಯಾವ ಆಪ್, ಯಾವ ಚಾನೆಲ್, ಯಾರು ಎಡಿಟ್ ಮಾಡುವುದು ಅನ್ನುವಲ್ಲಿಗೆ ಮುಗಿಯುತ್ತದೆ. ನನಗೆ ಅನಿಸುವುದು ಬೇರೆ. ತಲುಪಿಸುವುದು ಈಗ ಕಷ್ಟದ ಕೆಲಸವೇ ಅಲ್ಲ. ತಲುಪಿದ ಮೇಲೆ ಹುಡುಗನೋ ಹುಡುಗಿಯೋ ತಿರುಗಿ ಒಂದು ಪ್ರಶ್ನೆ ಕೇಳಿದರೆ, ಅದಕ್ಕೆ ಉತ್ತರ ಕೊಡಲು ಪರಿಚಯದವರು ಯಾರೂ ಆ ಕಡೆ ಕೂತಿರುವುದಿಲ್ಲ. ತೊಂದರೆ ಇರುವುದು ಅಲ್ಲಿ. ಕಾಸರಗೋಡಿನಲ್ಲಿ ಈ ತೊಂದರೆಗೆ ಭಾಷೆಯದ್ದೂ ಗಡಿಯದ್ದೂ ಗಂಟು ಬಿದ್ದಿದೆ.

ಇಲ್ಲಿಯ ಚಿತ್ರ ಸ್ವಲ್ಪ ಗೋಜಲು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, 1984ರಲ್ಲಿ ಜಿಲ್ಲೆಯಾಯಿತು. ಆದರೆ ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿ ಕಡೆಯ ಕೊಂಕಣಿ ಕೆಥೊಲಿಕರು ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದವರು. ಅವರ ಬಿಷಪರು ಇರುವುದು ರಾಜ್ಯದ ಗಡಿಯಾದ ತಲಪಾಡಿ ಗೇಟಿನ ಆಚೆ. ಬೇಳದ ಶೋಕಮಾತೆಯ ಇಗರ್ಜಿ 1890ರದ್ದು. ಅಲ್ಲಿಯ ಹಳಬರು ಕೊಂಕಣಿಯಲ್ಲಿ ಪ್ರಾರ್ಥಿಸುತ್ತಾರೆ, ಕನ್ನಡ ಲಿಪಿಯಲ್ಲಿ ಓದುತ್ತಾರೆ, ಅಂಗಡಿಯಲ್ಲಿ ತುಳು ಮಾತಾಡುತ್ತಾರೆ, ಪಂಚಾಯತಿನಲ್ಲಿ ಮಲಯಾಳಂ. ಜಿಲ್ಲೆಯ ಪೂರ್ವದ ಗುಡ್ಡಗಳಿಗೆ ಹೋದರೆ ಬೇರೆಯೇ ಲೋಕ. ರಾಜಪುರ, ಮಾಲೋಂ, ವೆಳ್ಳರಿಕುಂಡು ಕಡೆ ತಿರುವಾಂಕೂರಿನಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರು. ರಾಜಪುರದ ವಸಾಹತು ಶುರುವಾದದ್ದು 1943ರಲ್ಲಿ. ಅವರದ್ದು ಪೂರ್ತಿ ಮಲಯಾಳಂ. ಅವರ ಮಕ್ಕಳಿಗೆ ಫೋನಿನಲ್ಲಿ ತಮ್ಮ ಭಾಷೆಯ ಸರಕು ಬೇಕಾದಷ್ಟು ಸಿಗುತ್ತದೆ. ಜೀಸಸ್ ಯೂತ್‌ನಂಥ ಸಂಘಟನೆ ಕೇರಳದಲ್ಲೇ ಹುಟ್ಟಿ, 2016ರಲ್ಲಿ ವ್ಯಾಟಿಕನ್ನಿನ ಮಾನ್ಯತೆಯನ್ನೂ ಪಡೆಯಿತು. ಹಾಡು, ಕಿರುಚಿತ್ರ, ಪಾಡ್‌ಕಾಸ್ಟ್, ಯಾವುದಕ್ಕೂ ಕೊರತೆಯಿಲ್ಲ.

ಪಶ್ಚಿಮದ ಕನ್ನಡ-ಕೊಂಕಣಿ ಮಕ್ಕಳ ಪಾಡು ಹಾಗಲ್ಲ. ಫೋನಿನ ಮಟ್ಟಿಗೆ ಅವರು ಕೇರಳದವರು. ಜಾಗ ನೋಡಿ ಆಪ್‌ಗಳು ಮಲಯಾಳಂ ತೋರಿಸುತ್ತವೆ. ಶಾಲೆಯಲ್ಲಿಯೂ 2017ರ ಕಾನೂನಿನ ನಂತರ ಮಲಯಾಳಂ ಕಡ್ಡಾಯವಾಗುತ್ತ ಬಂದಿದೆ. ಇಂಗ್ಲಿಷ್ ಮೀಡಿಯಂಗೆ ಹೋದವರು ಕನ್ನಡ ಅಕ್ಷರವನ್ನು ತಡವರಿಸಿ ಓದುತ್ತಾರೆ. ಕೊಂಕಣಿ ಮಾತಾಡುತ್ತಾರೆ, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಈಗ ಆ ಸೂರ್ಯೋದಯದ ಚಿತ್ರದ ಮೇಲಿನ ವಾಕ್ಯವನ್ನು ಇವರು ಯಾಕೆ ಓದುವುದಿಲ್ಲ ಅಂತ ಯೋಚಿಸಿ. ಸೋಮಾರಿತನ ಅರ್ಧ ಕಾರಣ. ಓದಲು ಕಷ್ಟ ಅನ್ನುವುದು ಉಳಿದರ್ಧ. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಅಚ್ಚಿನ ಮೊಳೆಯಿಂದ ಮೆಮೊರಿ ಕಾರ್ಡಿನವರೆಗೆ

ಹೊಸ ಯಂತ್ರ ಹಿಡಿದು ಸುವಾರ್ತೆ, ಅಂದರೆ ಯೇಸುವಿನ ಸಂದೇಶ ಹೇಳುವುದು ಈ ಕರಾವಳಿಗೆ ಹೊಸತಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದರು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ. ನಾಲ್ಕು ವರ್ಷದ ಮೇಲೆ, 1847ರಲ್ಲಿ, ಅದೇ ಮಿಷನ್ನಿನ ಹೆರ್ಮನ್ ಗುಂಡರ್ಟ್ ತಲಶ್ಶೇರಿಯಿಂದ ಮಲಯಾಳಂನ ಮೊದಲ ಪತ್ರಿಕೆ 'ರಾಜ್ಯಸಮಾಚಾರಂ' ಶುರು ಮಾಡಿದರು. ಎರಡು ಭಾಷೆಯ ಪತ್ರಿಕೋದ್ಯಮ ಹುಟ್ಟಿದ ಈ ಎರಡು ಊರುಗಳ ನಡುವೆ ಕಾಸರಗೋಡು ಇದೆ.

ಮೊಗ್ಲಿಂಗ್ ಪತ್ರಿಕೆಯಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಅದರಲ್ಲಿ ಏನಿತ್ತು ಅನ್ನುವುದು. ಊರಿನ ಸುದ್ದಿ ಇತ್ತು, ಸರಕಾರದ ಕಾಯ್ದೆ ಇತ್ತು, ಕತೆ, ಗಾದೆ, ದಾಸರ ಪದ ಇತ್ತು. ಮತಪ್ರಚಾರಕ್ಕೆ ಬಂದವರು ಪುರಂದರದಾಸರನ್ನು ಅಚ್ಚು ಹಾಕಿದರು. ಜನ ಏನು ಓದುತ್ತಾರೆ, ಏನು ಹಾಡುತ್ತಾರೆ, ಯಾವ ಮಾತಿಗೆ ಕಿವಿ ಕೊಡುತ್ತಾರೆ ಅಂತ ಮೊದಲು ಕೇಳಿಸಿಕೊಂಡಿದ್ದರು ಅನ್ನುವುದಕ್ಕೆ ಇದು ಸಾಕ್ಷಿ. ಅವರ ಉದ್ದೇಶದ ಬಗ್ಗೆ ತಕರಾರು ಇರುವವರು ಇರಬಹುದು. ಆ ತಾಳ್ಮೆಯ ಬಗ್ಗೆ ತಕರಾರು ಕಷ್ಟ. ಇವತ್ತು ನಮ್ಮ ಚರ್ಚುಗಳ ಇನ್‌ಸ್ಟಾಗ್ರಾಂ ಪುಟಗಳಲ್ಲಿ ಪೋಸ್ಟರಿನ ಅರ್ಧ ಜಾಗ ಪದಾಧಿಕಾರಿಗಳ ಫೋಟೊಗೆ, ಕಾಲು ಭಾಗ ಲೋಗೋಗಳಿಗೆ ಹೋಗಿರುತ್ತದೆ. ಹದಿನೇಳರ ಹುಡುಗಿ ಅದರಲ್ಲಿ ಏನನ್ನು ಓದಬೇಕು?

ಫೋನಿನ ಕತೆಯೂ ಒಂದೇ ದಿನದಲ್ಲಿ ಆದದ್ದಲ್ಲ. ಸ್ಮಾರ್ಟ್‌ಫೋನಿಗೆ ಮೊದಲು ಮೆಮೊರಿ ಕಾರ್ಡಿನ ಕಾಲವಿತ್ತು. ಮೊಬೈಲ್ ಅಂಗಡಿಗೆ ಹೋಗಿ ಕಾರ್ಡ್ ಕೊಟ್ಟರೆ ಸಿನಿಮಾ ಹಾಡಿನ ಜೊತೆಗೆ ಭಕ್ತಿಗೀತೆಯನ್ನೂ ತುಂಬಿಸಿ ಕೊಡುತ್ತಿದ್ದರು. ಆಮೇಲೆ ಬ್ಲೂಟೂತ್, ಆಮೇಲೆ ಶೇರ್‌ಇಟ್, ಝೆಂಡರ್. ಕೈಯಿಂದ ಕೈಗೆ ಹೋಗುವ ಹಂಚಿಕೆ ಅದು. ಕೊಡುವವನ ಎದುರು ನಿಲ್ಲಬೇಕಿತ್ತು, 'ಯಾವ ಹಾಡು, ಯಾರದ್ದು' ಅಂತ ಎರಡು ಮಾತು ಆಗುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2020ರ ಜೂನ್ ಕೊನೆಗೆ ಕೇಂದ್ರ ಸರಕಾರ 59 ಚೀನೀ ಆಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಹೋದದ್ದು ಎಲ್ಲರಿಗೂ ನೆನಪಿದೆ, ಶೇರ್‌ಇಟ್ ಮತ್ತು ಝೆಂಡರ್ ಹೋದದ್ದು ಕಡಿಮೆ ಜನರಿಗೆ ನೆನಪಿದೆ. ಕೆಲವೇ ದಿನದಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತಂದಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಕೈಯಿಂದ ಕೈಗೆ ಹೋಗುತ್ತಿದ್ದ ಹಾಡು ಈಗ ಕಂಪನಿಯ ಲೆಕ್ಕಾಚಾರದ ಮೂಲಕ ಬರತೊಡಗಿತು.

ಅದೇ ವರ್ಷದ ಮಾರ್ಚಿನಲ್ಲಿ ಕೊರೊನಾ ಹೆದರಿಕೆಗೆ ಕರ್ನಾಟಕ ಸರಕಾರ ಕಾಸರಗೋಡಿನ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ಇಲ್ಲಿಯವರು ಮರೆಯುವಂತಿಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿಯೇ ಇಲ್ಲವಾಯಿತು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ಏಪ್ರಿಲ್ 12ಕ್ಕೆ ಈಸ್ಟರ್. ಚರ್ಚುಗಳೆಲ್ಲ ಮುಚ್ಚಿದ್ದವು. ಮಣ್ಣಿನ ರಾಶಿಯ ಆಚೆಯಿಂದ ಮಂಗಳೂರಿನ ಪೂಜೆ ಯೂಟ್ಯೂಬಿನಲ್ಲಿ ಈಚೆಯ ಮನೆಗಳಿಗೆ ಬಂತು. ಅಜ್ಜಿಯಂದಿರಿಗೆ ಫೋನನ್ನು ಟಿ.ವಿ.ಗೆ ಜೋಡಿಸಿ ಕೊಟ್ಟವರು ಇದೇ ಹುಡುಗ ಹುಡುಗಿಯರು. ಆ ಹೊತ್ತಿಗೆ ಚರ್ಚಿಗೆ ಅವರ ಅಗತ್ಯ ನಿಜವಾಗಿ ಇತ್ತು. ಲಾಕ್‌ಡೌನ್ ಮುಗಿದ ಮೇಲೆ ಅವರಿಗೆ ಕ್ಯಾಮೆರಾ ಹಿಡಿಯುವ ಕೆಲಸ ಉಳಿಯಿತು, ಮಾತಾಡುವ ಕೆಲಸ ಸಿಗಲಿಲ್ಲ.

ಲೆಕ್ಕ ಇಡುವ ಬೈಬಲ್

ಬೈಬಲ್ ಆಪ್‌ಗಳ ವಿಷಯಕ್ಕೆ ಬರೋಣ. ಅವುಗಳಲ್ಲಿ ಹೆಸರುವಾಸಿಯಾದ ಯೂವರ್ಷನ್ ಅಮೆರಿಕದ ಓಕ್ಲಹೋಮಾದ ಒಂದು ಚರ್ಚಿನ ಕೆಲಸ. 2008ರ ಜುಲೈಯಲ್ಲಿ ಆಪಲ್ ತನ್ನ ಆಪ್ ಸ್ಟೋರ್ ತೆರೆದಾಗಲೇ ಅದೂ ಬಂತು. ಹಣ ಕೊಡಬೇಕಾಗಿಲ್ಲ, ಕನ್ನಡ ಬೈಬಲೂ ಇದೆ. ಒಳ್ಳೆಯದೇ. ಕನ್ನಡದಲ್ಲಿ ಇಡೀ ಬೈಬಲ್ ಮೊದಲು ಬಂದದ್ದು 1831ರಲ್ಲಿ, ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ವರ್ಷಗಟ್ಟಲೆ ದುಡಿಮೆಯಿಂದ. ಈಗ ಅದನ್ನು ಇಳಿಸಿಕೊಳ್ಳಲು ಬಸ್ಸಿಗೆ ಕಾಯುವಷ್ಟು ಹೊತ್ತೂ ಬೇಡ.

ಆದರೆ ಆಪ್ ಒಂದು ಲೆಕ್ಕವನ್ನೂ ಇಡುತ್ತದೆ. ಎಷ್ಟು ದಿನ ಬಿಡದೆ ತೆರೆದಿರಿ ಅಂತ ತೋರಿಸುತ್ತದೆ. ಒಂದು ದಿನ ತಪ್ಪಿದರೆ ಎಣಿಕೆ ಹೊಸದಾಗಿ ಶುರು. ಸ್ನ್ಯಾಪ್‌ಚಾಟಿನಲ್ಲಿ ಗೆಳೆಯರ ಜೊತೆ ಸ್ಟ್ರೀಕ್ ಉಳಿಸಿಕೊಳ್ಳುವ ಮಕ್ಕಳಿಗೆ ಇದು ಚೆನ್ನಾಗಿ ಪರಿಚಯದ ಆಟ. ರಾತ್ರಿ ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ನೆನಪಾಗಿ, ಹಾಸಿಗೆಯಲ್ಲೇ ಆಪ್ ತೆರೆದು, ವಾಕ್ಯವನ್ನು ಸರಿಸಿ, ಮುಚ್ಚಿ ಮಲಗುವವರು ಇದ್ದಾರೆ. ಓದಿದ್ದೇನು ಅಂತ ಬೆಳಿಗ್ಗೆ ಕೇಳಿದರೆ ನಗುತ್ತಾರೆ. ಇದನ್ನು ದೊಡ್ಡ ಪಾಪ ಅಂತ ನಾನು ಹೇಳುವುದಿಲ್ಲ. ನಮ್ಮ ಅಜ್ಜಂದಿರು ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆಯ ಮಧ್ಯೆ ತೂಕಡಿಸಿದವರೇ. ಆದರೆ ಅಜ್ಜ ತೂಕಡಿಸಿದರೆ ಪಕ್ಕದಲ್ಲಿ ತಿವಿಯಲು ಅಜ್ಜಿ ಇದ್ದರು, ಅಲ್ವಾ?

ಈ ವಿಷಯ ಬಂದಾಗಲೆಲ್ಲ ಕಾರ್ಲೊ ಅಕುಟಿಸ್ ಹೆಸರು ಬರುತ್ತದೆ. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಇಟಲಿಯಲ್ಲಿ ಬೆಳೆದ ಹುಡುಗ. ಪವಿತ್ರ ಪ್ರಸಾದಕ್ಕೆ ಸಂಬಂಧಿಸಿದ ಪವಾಡಗಳ ಬಗ್ಗೆ ಒಂದು ವೆಬ್‌ಸೈಟ್ ಮಾಡಿದ. 2006ರ ಅಕ್ಟೋಬರಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೊ ಅವನನ್ನು ಸಂತ ಎಂದು ಘೋಷಿಸಿದರು. ನಮ್ಮ ಕಡೆಯ ದೊತೊರ್ನ್, ಅಂದರೆ ಭಾನುವಾರದ ಧರ್ಮಬೋಧೆಯ ತರಗತಿಗಳಲ್ಲಿಯೂ ಜೀನ್ಸ್, ಟೀ ಶರ್ಟ್ ಹಾಕಿದ ಅವನ ಚಿತ್ರ ಕಾಣಸಿಗುತ್ತದೆ. ಮಕ್ಕಳಿಗೆ ಇಷ್ಟವಾಗುತ್ತಾನೆ, ಸಹಜ. ಒಂದು ಸಂಗತಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಅವನು ತೀರಿಕೊಂಡ ಮರುವರ್ಷ ಮೊದಲ ಐಫೋನ್ ಬಂತು. ರೀಲ್ಸ್, ನೋಟಿಫಿಕೇಶನ್, ಬೆರಳು ಎಳೆದಷ್ಟೂ ಮುಗಿಯದ ಪರದೆ, ಯಾವುದನ್ನೂ ಅವನು ನೋಡಲಿಲ್ಲ. ಅವನು ಕೂತದ್ದು ಕಂಪ್ಯೂಟರಿನ ಮುಂದೆ, ತಾನು ಮಾಡಬೇಕೆಂದುಕೊಂಡ ಕೆಲಸ ಮಾಡಲು. ಪೋಪ್ ಫ್ರಾನ್ಸಿಸ್ 2019ರಲ್ಲಿ ಯುವಜನರಿಗೆ ಬರೆದ ದೊಡ್ಡ ಪತ್ರದಲ್ಲಿ ಅವನನ್ನು ನೆನೆದದ್ದೂ ಈ ಕಾರಣಕ್ಕೇ. ಈ ಜಾಲಗಳು ನಮ್ಮನ್ನು ಕೊಳ್ಳುಬಾಕರನ್ನಾಗಿ ಮಾಡಬಲ್ಲವು ಅನ್ನುವುದು ಅವನಿಗೆ ತಿಳಿದಿತ್ತು ಅಂತ ಅಲ್ಲಿ ಬರೆದಿದ್ದಾರೆ. ಅವನ ಚಿತ್ರ ತೋರಿಸಿ ಮಕ್ಕಳಿಗೆ 'ನೀವೂ ರೀಲ್ಸ್ ಮಾಡಿ' ಅನ್ನುವಾಗ ಈ ಅರ್ಧ ಬಿಟ್ಟುಹೋಗುತ್ತದೆ.

ಈಗ ಹತ್ತಿರದಿಂದ ಕಂಡ ಒಂದು ಕೆಲಸದ ಬಗ್ಗೆ. ಕುಂಬಳೆ ಕಡೆಯ ಒಬ್ಬ ದೊತೊರ್ನ್ ಟೀಚರ್. ಅವರ ಬಳಿ ಆಪ್ ಇಲ್ಲ, ಚಾನೆಲ್ ಇಲ್ಲ, ಮೈಕ್ ಇಲ್ಲ. ಶನಿವಾರ ರಾತ್ರಿ ಊಟವಾದ ಮೇಲೆ ತಮ್ಮ ಕ್ಲಾಸಿನ ಮಕ್ಕಳಿಗೆ ಫೋನಿನಲ್ಲೇ ಒಂದೂವರೆ ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಕೊಂಕಣಿ, ನಡುನಡುವೆ ಕನ್ನಡ. ಮರುದಿನದ ಸುವಾರ್ತೆಯ ಕತೆಯನ್ನು ಹೇಳಿ, ಕೊನೆಗೆ ಒಂದು ಪ್ರಶ್ನೆ ಹಾಕುತ್ತಾರೆ. ಹಿಂದೆ ಪಾತ್ರೆ ತೊಳೆಯುವ ಸದ್ದು ಕೇಳುತ್ತದೆ, ಒಮ್ಮೊಮ್ಮೆ ನಾಯಿ ಬೊಗಳುತ್ತದೆ. ತೆಗೆದುಹಾಕುವ ಗೋಜಿಗೆ ಹೋಗುವುದಿಲ್ಲ. ಮಕ್ಕಳು ವಾಯ್ಸಿನಲ್ಲೇ ಉತ್ತರ ಕೊಡುತ್ತಾರೆ. ಬರೆಯಬೇಕು ಅಂದಿದ್ದರೆ ಅರ್ಧಕ್ಕರ್ಧ ಮಕ್ಕಳು ಹಿಂದೆ ಸರಿಯುತ್ತಿದ್ದರು. ಮಾತಿಗೆ ಲಿಪಿಯ ಹಂಗಿಲ್ಲ.

ಒಮ್ಮೆ ಯೇಸು ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಉರುಳಿಸಿದ ಕತೆ. ಒಬ್ಬ ಹುಡುಗ ಕೇಳಿದ: 'ಸಿಟ್ಟು ಬಂದು ಮೇಜು ಬೀಳಿಸಿದ್ದು ಪಾಪ ಅಲ್ವಾ ಟೀಚರ್? ನಾನು ಮನೆಯಲ್ಲಿ ಬೀಳಿಸಿದರೆ ಅಪ್ಪ ಬಿಡ್ತಾರಾ?' ಟೀಚರಿಂದ ಕೂಡಲೇ ಬಂದ ಉತ್ತರ: 'ಒಳ್ಳೆ ಪ್ರಶ್ನೆ ಮಾರಾಯ. ನನಗೂ ಸರಿಯಾಗಿ ಗೊತ್ತಿಲ್ಲ. ನಾಳೆ ಫಾದರ್ ಹತ್ರ ಕೇಳುವ.' ಮರುದಿನ ತರಗತಿಯಲ್ಲಿ ಬೇರೆ ಪಾಠ ನಡೆಯಲೇ ಇಲ್ಲ. ಯಾರ ಮೇಲೆ ಸಿಟ್ಟು ಮಾಡಬಹುದು, ಬಡವರಿಗೆ ಮೋಸವಾದಾಗ ಸುಮ್ಮನಿರುವುದು ಪಾಪವೇ, ಅಪ್ಪನ ಸಿಟ್ಟು ಯಾವ ಬಗೆಯದ್ದು, ಇದೇ ಮಾತು. ಈ ಸಂದೇಶ ಎಷ್ಟು ಜನರಿಗೆ ತಲುಪಿತು ಅಂತ ಕೇಳಿದರೆ ಒಂದು ಕ್ಲಾಸಿನ ಮಕ್ಕಳಿಗೆ, ಅಷ್ಟೇ. ಯೂಟ್ಯೂಬಿನ ಲೆಕ್ಕದಲ್ಲಿ ಇದು ಸೋಲು. ಆದರೆ ಫೋನಿನಲ್ಲಿ ಶುರುವಾದ ಪ್ರಶ್ನೆ ಭಾನುವಾರ ಬೆಂಚಿನ ಮೇಲೆ ಮುಂದುವರಿಯಿತು. ಅಮೆರಿಕದ ಯುವಕನ ರೀಲ್‌ನಲ್ಲಿ ಇದು ಆಗುವ ಹಾಗಿಲ್ಲ. ಅವನು ಎಷ್ಟೇ ಚೆನ್ನಾಗಿ ಮಾತಾಡಲಿ.

ಇನ್ನೊಂದು ಬಗೆಯೂ ಇದೆ, ಇದನ್ನು ಯಾರೂ ಡಿಜಿಟಲ್ ಸುವಾರ್ತೆ ಅನ್ನುವುದಿಲ್ಲ. ಗಲ್ಫಿನಲ್ಲಿ ಅಪ್ಪ ಇರುವ ಮನೆಗಳಲ್ಲಿ ಸಂಜೆಯ ತೇರ್ಸ್ ವಿಡಿಯೊ ಕಾಲ್‌ನಲ್ಲಿ ನಡೆಯುತ್ತದೆ. ಫೋನನ್ನು ಮನೆಯ ಪ್ರಾರ್ಥನಾ ಪೀಠವಾದ ಅಲ್ತಾರಿನ ಪಕ್ಕ ಎಣ್ಣೆ ಬಾಟಲಿಗೆ ಒರಗಿಸಿ ಇಡುತ್ತಾರೆ. ಇಲ್ಲಿ ಏಳೂವರೆ ಅಂದರೆ ಕುವೈತಿನಲ್ಲಿ ಐದು, ಅಪ್ಪ ಇನ್ನೂ ಕೆಲಸದಲ್ಲಿ. ಹಾಗಾಗಿ ತೇರ್ಸ್ ಒಂಬತ್ತಕ್ಕೆ ಜಾರಿದೆ. ದುಬೈಯಲ್ಲಿದ್ದರೆ ವಾಟ್ಸಾಪ್ ಕಾಲ್ ಆಗುವುದಿಲ್ಲ, ಬೋಟಿಂ ಹಾಕಿಕೊಳ್ಳಬೇಕು. ಎರಡು ಕಡೆಯ ಧ್ವನಿ ಹಿಂದೆಮುಂದಾಗಿ ಪ್ರಾರ್ಥನೆಯೇ ಗೋಜಲಾಗುತ್ತದೆ, ಮಕ್ಕಳು ನಗುತ್ತಾರೆ, ಅಮ್ಮ ಕಣ್ಣು ಕೆಂಪು ಮಾಡುತ್ತಾರೆ. ಆದರೂ ಅಪ್ಪ ನಮ್ಮ ಜೊತೆ ಪ್ರಾರ್ಥಿಸುವವರು ಅಂತ ಆ ಮಕ್ಕಳಿಗೆ ಗೊತ್ತಾದದ್ದು ಫೋನಿನಿಂದಲೇ. ನಂಬಿಕೆ ಹಂಚಲು ಮೊಬೈಲ್ ಬಳಸುವುದರಲ್ಲಿ ಇದಕ್ಕಿಂತ ಗಟ್ಟಿಯಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಉತ್ತರ ಕೊಡುವವರು ಇಲ್ಲದ ಜಾಗಕ್ಕೆ ಈಗ ಎಐ ಬಂದು ಕೂತಿದೆ. ಯಾರಿಗೂ ಹೇಳಲಾಗದ ಸಂಶಯವನ್ನು ಮಕ್ಕಳು ಚಾಟ್‌ಬಾಟ್‌ಗೆ ಕೇಳುತ್ತಾರೆ. ರಾತ್ರಿ ಎಷ್ಟು ಹೊತ್ತಿಗೂ ಉತ್ತರ ಬರುತ್ತದೆ, ಮನೆಗೆ ಸುದ್ದಿ ಮುಟ್ಟುವುದಿಲ್ಲ. 2024ರ ಏಪ್ರಿಲಿನಲ್ಲಿ ಅಮೆರಿಕದ ಕೆಥೊಲಿಕ್ ಆನ್ಸರ್ಸ್ ಸಂಸ್ಥೆ 'ಫಾದರ್ ಜಸ್ಟಿನ್' ಎಂಬ ಎಐ ಪಾದ್ರಿಯನ್ನು ತಂದಿತು. ತಾನು ಅಸ್ಸಿಸಿಯಲ್ಲಿರುವ ನಿಜವಾದ ಗುರು ಅಂತ ಅದು ಹೇಳಿಕೊಂಡಿತು. ಗೇಟರೇಡ್ ಎಂಬ ತಂಪು ಪಾನೀಯದಲ್ಲಿ ಮಗುವಿಗೆ ಬ್ಯಾಪ್ಟಿಸಂ ಕೊಡಬಹುದು ಅಂದಿತು. ಒಬ್ಬರಿಗೆ ಪಾಪಕ್ಷಮೆಯನ್ನೂ ಕೊಟ್ಟಿತು. ಕೆಲವೇ ದಿನದಲ್ಲಿ ಸಂಸ್ಥೆ ಅದರ ನಿಲುವಂಗಿ ಕಳಚಿಸಿ ಬರೀ 'ಜಸ್ಟಿನ್' ಮಾಡಿತು. ನಗು ಬರುತ್ತದೆ, ಆದರೆ ತಪ್ಪು ಎಲ್ಲಿ ಆಯಿತು ಅಂತ ಗಮನಿಸಿ. ಯಂತ್ರಕ್ಕೆ 'ಗೊತ್ತಿಲ್ಲ, ನಾಳೆ ಕೇಳುವ' ಅನ್ನಲು ಬರಲಿಲ್ಲ. ಬ್ಯಾಪ್ಟಿಸಂ, ಪಾಪಕ್ಷಮೆಯಂಥ ಸಂಸ್ಕಾರಗಳ ಮಟ್ಟಿಗೆ ವ್ಯಾಟಿಕನ್ 2002ರಲ್ಲೇ ಖಂಡಿತವಾಗಿ ಹೇಳಿತ್ತು, ಇಂಟರ್‌ನೆಟ್ಟಿನಲ್ಲಿ ಸಂಸ್ಕಾರಗಳಿಲ್ಲ ಅಂತ. 2011ರಲ್ಲಿ ಪಾಪನಿವೇದನೆಗೆ ಸಹಾಯ ಮಾಡುವ ಆಪ್ ಒಂದು ಬಂದಾಗಲೂ, ಗುರುಗಳ ಎದುರು ಹೋಗುವುದಕ್ಕೆ ಅದು ಬದಲಿಯಲ್ಲ ಅಂತ ಸ್ಪಷ್ಟಪಡಿಸಿತು.

ತಲಪಾಡಿ ದಾಟುವ ಫಾರ್ವರ್ಡ್

ಇನ್ನು ಗಡಿಯ ವಿಷಯ. ಫೋನಿಗೆ ಗಡಿ ಇಲ್ಲ, ಕಾನೂನಿಗೆ ಇದೆ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ಹೇಳಿತು. ಕೇರಳದಲ್ಲಿ ಮತಾಂತರಕ್ಕೆ ಸಂಬಂಧಿಸಿದ ಪ್ರತ್ಯೇಕ ಕಾಯ್ದೆ ಇಲ್ಲ. ಕರ್ನಾಟಕ 2022ರಲ್ಲಿ ಒಂದನ್ನು ಮಾಡಿತು. ಆಮಿಷ, ಒತ್ತಾಯ, ವಂಚನೆಯ ಮತಾಂತರಕ್ಕೆ ಮೂರರಿಂದ ಐದು ವರ್ಷ ಜೈಲು ಅಂತ ಅದರಲ್ಲಿದೆ. ಅಪ್ರಾಪ್ತರ ವಿಷಯದಲ್ಲಿ ಹತ್ತು ವರ್ಷದವರೆಗೂ ಹೋಗುತ್ತದೆ. 2023ರ ಜೂನಿನಲ್ಲಿ ಹೊಸ ಸರಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಗಡಿಯ ಈಚೆಯ ಉಪ್ಪಳದ ಹುಡುಗಿ ಮಂಗಳೂರಿನ ಕಾಲೇಜಿಗೆ ದಿನಾ ಹೋಗಿ ಬರುತ್ತಾಳೆ. ಅವಳ ತರಗತಿಯ ಗ್ರೂಪಿನಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಉಪ್ಪಳದ ಬಸ್ಸಿನಲ್ಲಿ ಕಳಿಸಿದ ಪ್ರಾರ್ಥನೆಯ ವಿಡಿಯೊ ಗಡಿ ದಾಟಿ ತೊಕ್ಕೊಟ್ಟು ತಲುಪುವಾಗ ಬೇರೆ ಅರ್ಥ ಪಡೆಯಬಹುದು. ಅವಳಿಗೆ ಇದನ್ನು ಹೇಳಿಕೊಟ್ಟವರು ಯಾರೂ ಇಲ್ಲ.

ಕಾನೂನಿಗಿಂತ ನನಗೆ ನೆರೆಹೊರೆಯ ಮರ್ಯಾದೆ ಮುಖ್ಯ ಅನಿಸುತ್ತದೆ. ಯಾರೂ ಕೇಳದೆ ಗುಂಪಿಗೆ ಎಸೆಯುವ ಫಾರ್ವರ್ಡ್ ಯಾವ ಧರ್ಮದ್ದೇ ಆಗಲಿ, ಕಿರಿಕಿರಿಯೇ. 'ಇದನ್ನು ಹತ್ತು ಜನರಿಗೆ ಕಳಿಸಿ, ಇಲ್ಲದಿದ್ದರೆ' ಅನ್ನುವ ಸಂದೇಶವಂತೂ ಭಕ್ತಿಯ ಹೆಸರಿನ ಬೆದರಿಕೆ. ಫಾರ್ವರ್ಡ್‌ಗಳ ಕಾಟ ತಡೆಯಲು ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದೇ ಚಾಟ್ ಅಂತ ಮಿತಿ ಹಾಕಿತು. 2020ರಲ್ಲಿ ತುಂಬಾ ಸಲ ಹರಿದಾಡಿದ ಸಂದೇಶಕ್ಕೆ ಒಂದೇ ಚಾಟ್ ಅಂತ ಮಾಡಿತು. ಕೇಳಿದವರಿಗೆ ಹೇಳುವುದು ಬೇರೆ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ' ಕಾವ್ಯದಲ್ಲಿ ಬರೆದರು, ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯಲ್ಲಿ ಬರೆದರು. ತಮ್ಮದಲ್ಲದ ನಂಬಿಕೆಯ ಹತ್ತಿರ ತಾವಾಗಿ ಹೋದವರು ಅವರು. ಇಂಥ ಕುತೂಹಲ ಇವತ್ತಿನ ಹುಡುಗರಲ್ಲಿಯೂ ಇದೆ. ಕ್ರಿಸ್ಮಸ್ ಗೋದಲಿ ನೋಡಲು ಬರುವ ಗೆಳೆಯ 'ಇದು ಯಾರು, ಅದು ಯಾಕೆ' ಅಂತ ಕೇಳಿಯೇ ಕೇಳುತ್ತಾನೆ. ಆಗ ತನ್ನ ಮಾತಿನಲ್ಲಿ ಹೇಳಲು ಬಂದರೆ ಸಾಕು, ಲಿಂಕ್ ಬೇಡ.

ಮಕ್ಕಳ ಮಾಹಿತಿಯ ಬಗ್ಗೆ ನಮ್ಮ ಚರ್ಚುಗಳಲ್ಲಿ ಬಹಳ ಸಡಿಲ. ಧ್ಯಾನಕೂಟಕ್ಕೆ ಬಂದ ಮಕ್ಕಳ ಹೆಸರು, ನಂಬರು ರಿಜಿಸ್ಟರಿನಲ್ಲಿ ಬರೆಸಿ, ಸಂಜೆಯೊಳಗೆ ಅವರನ್ನು ಇನ್ನೂರು ಜನರ ಗ್ರೂಪಿಗೆ ಸೇರಿಸಿರುತ್ತಾರೆ. ಗ್ರೂಪಿನಲ್ಲಿ ಎಲ್ಲರಿಗೂ ಎಲ್ಲರ ನಂಬರು ಕಾಣುತ್ತದೆ. ಹದಿನೈದರ ಹುಡುಗಿಯ ನಂಬರು ಗುರುತಿಲ್ಲದ ಇನ್ನೂರು ಜನರ ಕೈಗೆ ಹೋಯಿತು ಅಂತಾಯಿತು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. 2025ರ ನವೆಂಬರಿನಲ್ಲಿ ಇದರ ನಿಯಮಗಳು ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ಕಾಯ್ದೆಗೆ ಕಾಯಬೇಕಾಗಿಯೂ ಇಲ್ಲ. ಬರೀ ಸೂಚನೆ ಕಳಿಸಲು ವಾಟ್ಸಾಪ್ ಚಾನೆಲ್ ಸಾಕು, ಅದರಲ್ಲಿ ಸದಸ್ಯರ ನಂಬರು ಪರಸ್ಪರ ಕಾಣುವುದಿಲ್ಲ. ಮಾತುಕತೆಗೆ ಬೇಕಾದರೆ ಸಣ್ಣ ಗ್ರೂಪ್, ಅದರಲ್ಲಿ ಇಬ್ಬರು ದೊಡ್ಡವರು ಮತ್ತು ಹೆತ್ತವರು. ಒಬ್ಬ ಟೀಚರ್, ಒಬ್ಬ ವಿದ್ಯಾರ್ಥಿ, ತಡರಾತ್ರಿಯ ಖಾಸಗಿ ಚಾಟ್, ಇದು ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ ಬೇಡ. ದೊತೊರ್ನ್ ಟೀಚರುಗಳಿಗೆ ವರ್ಷಕ್ಕೊಮ್ಮೆ ಕೊಡುವ ತರಬೇತಿಯಲ್ಲಿ ಇದಕ್ಕೆ ಅರ್ಧ ಗಂಟೆ ಮೀಸಲಿಡಬಹುದು.

ಪರಿಚಯವಿಲ್ಲದ ಪ್ರವಚನಕಾರರ ವಿಡಿಯೊ ಕೊನೆಗೆ ಕಾಣುವ ಕ್ಯೂಆರ್ ಕೋಡ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರಾರ್ಥನೆಗೆ ದರ ಇಟ್ಟವರಿಂದ ದೂರ ಇರಿ ಅಂತ ಮಕ್ಕಳಿಗೂ, ಮುಖ್ಯವಾಗಿ ಅವರ ಅಮ್ಮಂದಿರಿಗೂ ಹೇಳಿದರೆ ಆಯಿತು.

ಹಾಗಾದರೆ ಉತ್ತರ ಕೊಡುವವರು ಯಾರು? ಫಾದರ್ ಒಬ್ಬರಿಂದಲೇ ಆಗದು. ಅವರಿಗೆ ಪೂಜೆ, ಶಾಲೆ, ಮರಣ, ಮದುವೆ, ಪಾಲನಾ ಮಂಡಳಿಯ ಜಗಳ ಎಲ್ಲ ಇದೆ. ಕಾಲೇಜು ಮುಗಿಸಿದ, ಐಸಿವೈಎಂ ಎಂಬ ಕೆಥೊಲಿಕ್ ಯುವ ಸಂಘಟನೆಯ ಹುಡುಗ ಹುಡುಗಿಯರು ಪ್ರತಿ ಊರಿನಲ್ಲಿ ಇಬ್ಬರೋ ಮೂವರೋ ಸಿಗುತ್ತಾರೆ. ಮಲಯಾಳಂ, ಕನ್ನಡ, ಕೊಂಕಣಿ, ತುಳು ನಾಲ್ಕೂ ಬರುವ ಮಕ್ಕಳು ಬೇರೆ ಯಾವ ಜಿಲ್ಲೆಯಲ್ಲಿ ಇಷ್ಟು ಸಲೀಸಾಗಿ ಸಿಗುತ್ತಾರೆ ಹೇಳಿ. ಅವರು ರೀಲ್ ಮಾಡುವುದಾದರೆ ಮಾಡಲಿ, ಆದರೆ ಅದರ ಕೆಳಗಿನ ಕಮೆಂಟಿಗೆ, ಇನ್‌ಬಾಕ್ಸಿಗೆ ಬಂದ ಸಂಶಯಕ್ಕೆ ಉತ್ತರ ಕೊಡುವ ಹೊಣೆಯನ್ನೂ ಹೊರಲಿ. ಕಿರಿಯರ ಪ್ರಶ್ನೆಗೆ ಆ ಸಣ್ಣ ಗ್ರೂಪಿನಲ್ಲೇ ಉತ್ತರ ಸಿಗಲಿ. ಚರ್ಚು ಅದನ್ನು ಒಂದು ಸೇವೆ ಅಂತ ಲೆಕ್ಕಕ್ಕೆ ಹಿಡಿಯಲಿ. ಹಾಡಿನ ಪಂಗಡಕ್ಕೆ, ಅಲಂಕಾರದವರಿಗೆ ಹಬ್ಬದ ದಿನ ಹೂ ಕೊಡುತ್ತಾರಲ್ಲ, ಇವರಿಗೂ ಕೊಡಲಿ.

ಮತ್ತೊಂದು ಸಣ್ಣ ಕೆಲಸ. ಇಲ್ಲಿಯ ಕೆಲವು ಚರ್ಚುಗಳ ಯೂಟ್ಯೂಬ್ ಚಾನೆಲ್ ಹುಡುಕಿದರೆ ಕೊನೆಯ ವಿಡಿಯೊ ಯಾವುದೋ ಹಳೇ ಮೊಂತಿ ಫೆಸ್ತಿನದ್ದು, ಅಂದರೆ ಮರಿಯಮ್ಮನ ಹಬ್ಬದ್ದು. ಆಮೇಲೆ ಏನೂ ಇಲ್ಲ. ವಿಚಾರಿಸಿದರೆ ಗೊತ್ತಾಗುತ್ತದೆ, ಚಾನೆಲ್ ಮಾಡಿದ್ದು ಆಗಿನ ಸಹಾಯಕ ಗುರುಗಳು, ತಮ್ಮ ಸ್ವಂತ ಜಿಮೇಲಿನಲ್ಲಿ. ಅವರಿಗೆ ವರ್ಗವಾಯಿತು, ಪಾಸ್‌ವರ್ಡೂ ಅವರ ಜೊತೆ ಹೋಯಿತು. ಹೊಸಬರು ಹೊಸ ಚಾನೆಲ್ ಮಾಡಿದರು, ಅದೂ ಹಾಗೇ ನಿಂತಿತು. ಖಾತೆಯನ್ನು ಚರ್ಚಿನ ಹೆಸರಿನಲ್ಲಿ ಮಾಡಿ, ಊರಿನವರೇ ಆದ ಇಬ್ಬರಿಗೆ ಅದರ ಜವಾಬ್ದಾರಿ ಕೊಟ್ಟು, ಪಾಸ್‌ವರ್ಡನ್ನು ಕಚೇರಿಯಲ್ಲಿ ಬರೆದಿಡಬೇಕು. ಬ್ಯಾಪ್ಟಿಸಂ ರಿಜಿಸ್ಟರ್ ಇಡುವ ಕಪಾಟಿಗೆ ಹೇಗೂ ಬೀಗ ಇದೆ.